ಬೀಟಿನಿಂದ ಪದಕದವರೆಗೆ: ನಗರದ ಪೊಲೀಸ್ ವಿಭಾಗ ಜನರನ್ನು ತಲುಪುವ, ತನ್ನವರನ್ನು ಗುರುತಿಸುವ ಬಗೆ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವರು ಕಾವೇರಿ ನೀರು ಬರುತ್ತದೆಯೇ, ಮೆಟ್ರೊ ಎಷ್ಟು ದೂರ, ಗಾಡಿ ನಿಲ್ಲಿಸಲು ಜಾಗ ಇದೆಯೇ ಎಂದೆಲ್ಲ ವಿಚಾರಿಸುತ್ತಾರೆ. ಈ ಬೀದಿ ಯಾವ ಠಾಣೆಯ ಸರಹದ್ದಿಗೆ ಸೇರಿದ್ದು ಎಂದು ಕೇಳುವವರು ಅಪರೂಪ. ಅದು ಗೊತ್ತಾಗುವುದು ಪಾಸ್‌ಪೋರ್ಟ್ ಪರಿಶೀಲನೆಗೆ ಕರೆ ಬಂದಾಗ, ಇಲ್ಲವೇ ಮನೆ ಮುಂದಿನ ಬೈಕು ಬೆಳಗಾಗುವಷ್ಟರಲ್ಲಿ ಕಾಣೆಯಾದಾಗ.

ಹೀಗೆ ಕಷ್ಟ ಬಂದ ದಿನವೇ ಮೊದಲ ಭೇಟಿ ಆಗಬಾರದು ಎಂಬ ಉದ್ದೇಶದಿಂದ ಪೊಲೀಸ್ ಇಲಾಖೆ ಹಲವು ಬಾಗಿಲುಗಳನ್ನು ತೆರೆದಿದೆ: ಬೀಟ್ ವ್ಯವಸ್ಥೆ, ಮನೆ ಮನೆಗೆ ಪೊಲೀಸ್, ಮಾಸಿಕ ಜನಸಂಪರ್ಕ ದಿವಸ, ತೆರೆದ ಮನೆ. ಇನ್ನೊಂದು ಕಡೆ, ಚೆನ್ನಾಗಿ ಕೆಲಸ ಮಾಡಿದ ಸಿಬ್ಬಂದಿಯನ್ನು ಗುರುತಿಸಲು ನಗದು ಬಹುಮಾನದಿಂದ ಹಿಡಿದು ರಾಷ್ಟ್ರಪತಿ ಪದಕದವರೆಗೆ ಒಂದು ಸಾಲೇ ಇದೆ. ಈ ಎರಡು ಏರ್ಪಾಡುಗಳೂ ಒಂದೇ ಕಟ್ಟಡದೊಳಗೆ ನಡೆದರೂ ಇವುಗಳ ಕಡತಗಳು ಬೇರೆ ಬೇರೆ. ಜನರ ಜತೆ ಚೆನ್ನಾಗಿ ನಡೆದುಕೊಂಡ ಕಾನ್‌ಸ್ಟೆಬಲ್‌ನ ಕೆಲಸ ಅವನ ಸೇವಾ ದಾಖಲೆಗೆ ಇಳಿಯದಿದ್ದರೆ ಜನಸಂಪರ್ಕವೆಂಬುದು ಫ್ಲೆಕ್ಸ್ ಬ್ಯಾನರಿನಲ್ಲೇ ಉಳಿದುಬಿಡುತ್ತದೆ. ಅದನ್ನು ದಾಖಲೆಗೆ ಇಳಿಸುವಲ್ಲಿ ನಾಗರಿಕರ ಪಾಲೂ ಇದೆ. ಹೇಗೆಂದು ನೋಡೋಣ.

ವಿಭಾಗ ಎಂದರೆ ಏನು?

ಬೆಂಗಳೂರಿಗೆ ಪೊಲೀಸ್ ಕಮಿಷನರೇಟ್ ಬಂದದ್ದು 1963ರಲ್ಲಿ. ಕಮಿಷನರ್ ಕೈಕೆಳಗೆ ಕಾನೂನು ಮತ್ತು ಸುವ್ಯವಸ್ಥೆಗಾಗಿ ನಗರವನ್ನು ಕೇಂದ್ರ, ಪಶ್ಚಿಮ, ಉತ್ತರ, ದಕ್ಷಿಣ, ಪೂರ್ವ, ಆಗ್ನೇಯ, ಈಶಾನ್ಯ, ವೈಟ್‌ಫೀಲ್ಡ್ ಎಂಬಂತೆ ವಿಭಾಗಗಳಾಗಿ ಹಂಚಲಾಗಿದೆ. ನಗರ ಬೆಳೆದಂತೆಲ್ಲ ವಿಭಾಗಗಳೂ ಹೆಚ್ಚುತ್ತಿವೆ. ಪ್ರತಿ ವಿಭಾಗಕ್ಕೆ ಒಬ್ಬ ಡಿಸಿಪಿ. ಜಿಲ್ಲೆಯಲ್ಲಿ ಎಸ್‌ಪಿ ಮಾಡುವ ಕೆಲಸವನ್ನು ನಗರದ ವಿಭಾಗದಲ್ಲಿ ಮಾಡುವವರು ಇವರೇ. ಅವರ ಕೆಳಗೆ ಉಪವಿಭಾಗಗಳಿಗೆ ಎಸಿಪಿಗಳು, ಠಾಣೆಗೊಬ್ಬ ಇನ್‌ಸ್ಪೆಕ್ಟರ್, ಅವರ ಕೆಳಗೆ ಪಿಎಸ್‌ಐ, ಎಎಸ್‌ಐ, ಹೆಡ್ ಕಾನ್‌ಸ್ಟೆಬಲ್, ಕಾನ್‌ಸ್ಟೆಬಲ್. ಸೈಬರ್ ಅಪರಾಧಗಳಿಗೆ ಪ್ರತ್ಯೇಕ ಠಾಣೆಗಳಿವೆ. ಸಂಚಾರ ಪೊಲೀಸರದ್ದು ಪ್ರತ್ಯೇಕ ಸಾಲು. ಅವರ ಠಾಣೆ, ಎಸಿಪಿ, ಡಿಸಿಪಿ ಎಲ್ಲವೂ ಬೇರೆ. ಹಾಗಾಗಿ ಫುಟ್‌ಪಾತ್ ಮೇಲೆ ಕಾರು ನಿಲ್ಲಿಸಿದ ದೂರು ಕಾನೂನು ಸುವ್ಯವಸ್ಥೆ ಠಾಣೆಗೆ ಹೋದರೆ ಅಲ್ಲಿಂದ ಸಂಚಾರ ಠಾಣೆಯತ್ತ ಬೆರಳು ತೋರಿಸುವುದು ಸಾಮಾನ್ಯ.

ಜನರ ಮಟ್ಟಿಗೆ ಈ ಏಣಿಯಲ್ಲಿ ಮುಖ್ಯವಾದ ಮೆಟ್ಟಿಲು ಎರಡೇ. ಕೆಳಗೆ ಬೀಟ್ ಸಿಬ್ಬಂದಿ, ಮೇಲೆ ಡಿಸಿಪಿ. ನಿಮ್ಮ ಬೀದಿಯ ಮಾಹಿತಿ ಇರುವುದು ಮೊದಲನೆಯವರ ಬಳಿ. ಸಿಬ್ಬಂದಿಗೆ ಬಹುಮಾನವನ್ನಾಗಲಿ ಶಿಸ್ತುಕ್ರಮವನ್ನಾಗಲಿ ಬರೆಯುವ ಅಧಿಕಾರ ಇರುವುದು ಎರಡನೆಯವರ ಬಳಿ.

ಬೀಟ್: ಎಲ್ಲದರ ಬುಡ

ಗಸ್ತು ಎಂಬುದು ಹಳೆಯ ಕೆಲಸ. ರಾತ್ರಿ ಸೀಟಿ ಊದುತ್ತ, ಪಾಯಿಂಟ್ ಪುಸ್ತಕಕ್ಕೆ ಸಹಿ ಹಾಕಿ ಮುಂದಕ್ಕೆ ಹೋಗುತ್ತಿದ್ದ ಪೊಲೀಸರನ್ನು ಹಳೆ ಬಡಾವಣೆಯವರು ಈಗಲೂ ನೆನೆಯುತ್ತಾರೆ. ಅದರ ತೊಂದರೆ ಏನೆಂದರೆ ಇಂದು ಬಂದವರು ನಾಳೆ ಬರುತ್ತಿರಲಿಲ್ಲ. ಕರ್ನಾಟಕದಲ್ಲಿ 2017ರಲ್ಲಿ ಸುಧಾರಿತ ಗಸ್ತು ವ್ಯವಸ್ಥೆ ಬಂದಾಗ ಈ ಲೆಕ್ಕ ಬದಲಾಯಿತು. ಠಾಣೆಯ ಸರಹದ್ದನ್ನು ಬೀಟ್‌ಗಳಾಗಿ ಹಂಚಿ, ಒಂದೊಂದು ಬೀಟನ್ನು ಒಬ್ಬ ಕಾನ್‌ಸ್ಟೆಬಲ್ ಅಥವಾ ಹೆಡ್ ಕಾನ್‌ಸ್ಟೆಬಲ್ ಹೆಸರಿಗೇ ಬರೆಯಲಾಯಿತು. ಆ ಬೀಟಿನ ನಿವಾಸಿಗಳು, ಅಂಗಡಿಯವರು, ಆಟೊ ಚಾಲಕರು, ಶಾಲೆಯ ಮೇಷ್ಟ್ರು ಹೀಗೆ ಬೇರೆ ಬೇರೆ ವರ್ಗದವರನ್ನು ಸೇರಿಸಿ ನಾಗರಿಕರ ಸಮಿತಿ ಮಾಡಬೇಕೆಂಬ ಸೂಚನೆಯೂ ಅದರಲ್ಲಿತ್ತು.

ಬೀಟ್ ಸಿಬ್ಬಂದಿ ಮಾಡಬೇಕಾದ ಕೆಲಸದ ಪಟ್ಟಿ ಉದ್ದವಿದೆ. ಬೀಗ ಹಾಕಿ ಊರಿಗೆ ಹೋದವರ ಮನೆ ಮೇಲೆ ಕಣ್ಣಿಡುವುದು, ರೌಡಿ ಪಟ್ಟಿಯಲ್ಲಿರುವವರ ಚಲನವಲನ ಗಮನಿಸುವುದು, ಒಂಟಿಯಾಗಿರುವ ಹಿರಿಯ ನಾಗರಿಕರನ್ನು ಮಾತನಾಡಿಸುವುದು, ಸಮನ್ಸ್ ತಲುಪಿಸುವುದು, ಪಾಸ್‌ಪೋರ್ಟ್ ವಿಳಾಸ ಪರಿಶೀಲನೆ, ಖಾಲಿ ಸೈಟಿನಲ್ಲಿ ಕೂತು ಕುಡಿಯುವವರನ್ನು ಎಬ್ಬಿಸುವುದು, ಬಂಗಾರದ ಅಂಗಡಿ ಮತ್ತು ಎಟಿಎಂ ಕಡೆ ಹೋಗಿ ಬರುವುದು. ಬೆಳಗಿನ ಹಾಜರಾತಿಯಲ್ಲಿ ಇನ್‌ಸ್ಪೆಕ್ಟರ್ ಅಂದಿನ ಕೆಲಸ ಹಂಚುತ್ತಾರೆ.

ಕಾಗದದ ಮೇಲಿನ ಈ ಅಚ್ಚುಕಟ್ಟು ಕೆಡುವುದು ಬಂದೋಬಸ್ತಿನಿಂದ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಬಂದರೆ, ಪೇಟೆಯಲ್ಲಿ ಕರಗ ಬಂದರೆ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂದ್ಯ ಇದ್ದರೆ, ಗಣೇಶನ ಮೆರವಣಿಗೆ, ಡಿಸೆಂಬರ್ 31ರ ರಾತ್ರಿ, ಗಣ್ಯರ ಭೇಟಿ, ಚುನಾವಣೆ, ಇವೆಲ್ಲದಕ್ಕೂ ಜನ ಬೇಕು. ಆ ಜನ ಬೀಟಿನಿಂದಲೇ ಬರಬೇಕು. ಸತತ ಬಂದೋಬಸ್ತಿಗೆ ಹೋದವರಿಗೆ ತಮ್ಮ ಬೀದಿಯ ಮುಖಗಳು ಮರೆತುಹೋಗುತ್ತವೆ, ಬೀದಿಯವರಿಗೆ ಅವರ ಮುಖ ಮರೆತುಹೋಗುತ್ತದೆ. ಅದರ ಮೇಲೆ ವರ್ಗಾವಣೆ. ಹೊಸಬರು ಬಂದರೆ ಪರಿಚಯ ಮತ್ತೆ ಮೊದಲಿನಿಂದ.

ಮನೆ ಮನೆಗೆ ಪೊಲೀಸ್

ಈ ಕೊರತೆಯನ್ನು ತುಂಬುವ ಪ್ರಯತ್ನವಾಗಿ 2025ರ ಜುಲೈನಲ್ಲಿ ಗೃಹ ಸಚಿವ ಜಿ. ಪರಮೇಶ್ವರ ಬೆಂಗಳೂರಿನಲ್ಲಿ 'ಮನೆ ಮನೆಗೆ ಪೊಲೀಸ್' ಯೋಜನೆಗೆ ಚಾಲನೆ ಕೊಟ್ಟರು. ಬೀಟಿನ ಮನೆಗಳನ್ನು 40ರಿಂದ 50ರ ಗುಂಪುಗಳಾಗಿ ಮಾಡಿಕೊಂಡು, ಸಿಬ್ಬಂದಿಯೇ ಮನೆ ಬಾಗಿಲಿಗೆ ಬಂದು ತಮ್ಮ ಪರಿಚಯ ಹೇಳಿ, ಠಾಣೆಯ ಸಂಖ್ಯೆ ಕೊಟ್ಟು, ತೊಂದರೆ ಏನಾದರೂ ಇದೆಯೇ ಎಂದು ಕೇಳಿ ಬರೆದುಕೊಳ್ಳಬೇಕು ಎಂಬುದು ಅದರ ತಿರುಳು. ಸೈಬರ್ ವಂಚನೆ, ಮಾದಕವಸ್ತು, ಮಹಿಳೆಯರ ಮತ್ತು ಮಕ್ಕಳ ಸುರಕ್ಷತೆ ಕುರಿತು ತಿಳಿವಳಿಕೆ ಹೇಳುವುದೂ ಅದೇ ಭೇಟಿಯ ಭಾಗ.

ಬಾಗಿಲಿಗೆ ಸಮವಸ್ತ್ರ ಬಂದು ನಿಂತರೆ ಅಕ್ಕಪಕ್ಕದವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು ನಮ್ಮಲ್ಲಿ ಇನ್ನೂ ಹೋಗಿಲ್ಲ. ಹಾಗಾಗಿ ಬಂದವರನ್ನು ಗೇಟಿನಲ್ಲೇ ನಿಲ್ಲಿಸಿ 'ನಮ್ಮಲ್ಲಿ ಏನೂ ತೊಂದರೆ ಇಲ್ಲ ಸರ್' ಎಂದು ಕಳಿಸುವವರೇ ಹೆಚ್ಚು. ಅದರ ಬದಲು ಮೂರು ಕೆಲಸ ಮಾಡಬಹುದು. ಮೊದಲಿಗೆ ಗುರುತಿನ ಚೀಟಿ ತೋರಿಸಲು ಕೇಳಿ. ಇದರಲ್ಲಿ ಮುಜುಗರ ಪಡುವಂಥದ್ದೇನೂ ಇಲ್ಲ, ಪೊಲೀಸರ ಸೋಗಿನಲ್ಲಿ ಬರುವ ವಂಚಕರೂ ಇರುವ ಕಾಲ ಇದು. ಎರಡನೆಯದಾಗಿ, ಬೀದಿಯ ಒಂದಾದರೂ ನಿರ್ದಿಷ್ಟ ಸಂಗತಿ ಹೇಳಿ: ಇಂಥ ಕಂಬದ ದೀಪ ಉರಿಯುತ್ತಿಲ್ಲ, ಇಂಥ ತಿರುವಿನಲ್ಲಿ ಸಂಜೆ ಏಳರ ಮೇಲೆ ಹೆಣ್ಣುಮಕ್ಕಳನ್ನು ಚುಡಾಯಿಸುತ್ತಾರೆ. ಮೂರನೆಯದಾಗಿ, ಒಟಿಪಿ, ಬ್ಯಾಂಕ್ ವಿವರ, ಹಣ ಯಾವುದನ್ನೂ ಪೊಲೀಸರು ಮನೆ ಬಾಗಿಲಲ್ಲಾಗಲಿ ಫೋನಿನಲ್ಲಾಗಲಿ ಕೇಳುವುದಿಲ್ಲ ಎಂಬುದನ್ನು ಮನೆಯ ಹಿರಿಯರಿಗೂ ತಿಳಿಸಿ. ಫೋನಿನಲ್ಲೇ ಬಂಧಿಸಿದ್ದೇವೆ ಎಂದು ವಂಚಕರು ಹೆದರಿಸುವ 'ಡಿಜಿಟಲ್ ಅರೆಸ್ಟ್' ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಹಣ ಕಳೆದುಕೊಂಡರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಇನ್ನೊಂದು ಖಾತೆಗೆ ಜಾರುವ ಮೊದಲೇ ತಡೆಹಿಡಿಯುವ ಅವಕಾಶ ಇರುವುದು ಮೊದಲ ಗಂಟೆಗಳಲ್ಲಿ ಮಾತ್ರ.

ಜನಸಂಪರ್ಕ ದಿವಸದಲ್ಲಿ ಏನಾಗುತ್ತದೆ?

ಬೆಂಗಳೂರಿನಲ್ಲಿ ತಿಂಗಳ ನಾಲ್ಕನೇ ಶನಿವಾರ ಮಾಸಿಕ ಜನಸಂಪರ್ಕ ದಿವಸ ನಡೆಸುವ ಪದ್ಧತಿ ಇದೆ. ಕೆಲವು ಬಾರಿ ಠಾಣೆಯಲ್ಲೇ, ಕೆಲವು ಬಾರಿ ಕಲ್ಯಾಣ ಮಂಟಪ ಅಥವಾ ಶಾಲಾ ಸಭಾಂಗಣದಲ್ಲಿ. ಡಿಸಿಪಿ ಬರುವ ಸಭೆಗೆ ಅಕ್ಕಪಕ್ಕದ ಠಾಣೆಗಳ ಇನ್‌ಸ್ಪೆಕ್ಟರುಗಳೂ ಸಾಲಾಗಿ ಕೂರುತ್ತಾರೆ. ಕಮಿಷನರ್ ಬಂದರೆ ಪತ್ರಕರ್ತರೂ ಬರುತ್ತಾರೆ.

ಇಂಥ ಸಭೆಯ ಹದ ಗೊತ್ತಿರುವವರಿಗೆ ದೂರುಗಳ ಪಟ್ಟಿ ಬಾಯಿಪಾಠ. ಸೈಲೆನ್ಸರ್ ಕಿತ್ತ ಬುಲೆಟ್, ರಾತ್ರಿ ಹನ್ನೊಂದಾದರೂ ನಿಲ್ಲದ ಪಬ್ಬಿನ ಡಿಜೆ, ಶಾಲೆ ಬಿಡುವ ಹೊತ್ತಿನ ವಾಹನ ದಟ್ಟಣೆ, ಪಾರ್ಕಿನ ಮೂಲೆಯಲ್ಲಿ ಗಾಂಜಾ, ಬಾಡಿಗೆದಾರ ಮನೆ ಬಿಡುತ್ತಿಲ್ಲ, ಚೀಟಿ ಹಣ ಕೊಡುತ್ತಿಲ್ಲ, ಬೀದಿನಾಯಿ, ಕಸ, ಉರಿಯದ ಬೀದಿದೀಪ. ಇವುಗಳಲ್ಲಿ ಅರ್ಧದಷ್ಟು ಪೊಲೀಸರ ಕೆಲಸವೇ ಅಲ್ಲ. ಬೀದಿನಾಯಿ ಮತ್ತು ಕಸ ಪಾಲಿಕೆಯದು, ದೀಪ ಪಾಲಿಕೆ ಇಲ್ಲವೇ ಬೆಸ್ಕಾಂ, ಬಾಡಿಗೆ ಜಗಳ ಸಿವಿಲ್ ನ್ಯಾಯಾಲಯದ್ದು. ಆದರೂ ಜನ ಪೊಲೀಸರ ಮುಂದೆಯೇ ಹೇಳುತ್ತಾರೆ, ಏಕೆಂದರೆ ಇಪ್ಪತ್ತನಾಲ್ಕು ಗಂಟೆ ಬಾಗಿಲು ತೆರೆದಿರುವ ಸರ್ಕಾರಿ ಕಚೇರಿ ಠಾಣೆಯೊಂದೇ. ಅನುಭವಿ ಡಿಸಿಪಿ ಆದವರು ಇದನ್ನು ತಳ್ಳಿಹಾಕದೆ ಸಂಬಂಧಪಟ್ಟ ಇಲಾಖೆಗೆ ಪತ್ರ ಬರೆಸುತ್ತಾರೆ. ಕತ್ತಲೆಯ ರಸ್ತೆಗೆ ದೀಪ ಬಂದರೆ ಸರ ಕಳವು ಕಡಿಮೆಯಾಗುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಸಭೆಗೆ ಹೋಗುವವರು ಮೈಕು ಸಿಕ್ಕಾಗ ಭಾಷಣ ಮಾಡುವುದಕ್ಕಿಂತ ಒಂದು ಪುಟದ ಅರ್ಜಿ ಒಯ್ಯುವುದು ಮೇಲು. ಸ್ಥಳ, ದಿನ, ಹೊತ್ತು, ವಾಹನ ಸಂಖ್ಯೆ, ಇದ್ದರೆ ಫೋಟೊ. ಹಿಂದೆ ದೂರು ಕೊಟ್ಟಿದ್ದರೆ ಅದರ ಸಂಖ್ಯೆ. ಎರಡು ಪ್ರತಿ ಒಯ್ದು, ಒಂದರ ಮೇಲೆ ಠಾಣೆಯ ಮೊಹರು ಮತ್ತು ದಿನಾಂಕದೊಡನೆ ಸ್ವೀಕೃತಿ ಹಾಕಿಸಿಕೊಳ್ಳಬೇಕು. ಅರ್ಜಿ ವಿಲೇವಾರಿ ಆದಾಗ ಹಿಂಬರಹ ಕೊಡಬೇಕೆಂದು ಕೇಳಬೇಕು. 'ವಿಚಾರಣೆ ಮಾಡಲಾಗಿದೆ, ಕ್ರಮ ಕೈಗೊಳ್ಳಲಾಗಿದೆ' ಎಂಬ ಒಂದು ಸಾಲಿನ ಹಿಂಬರಹದಲ್ಲಿ ಯಾವ ಕ್ರಮ ಎಂದು ಇಲ್ಲದಿದ್ದರೆ ಮುಂದಿನ ತಿಂಗಳ ಸಭೆಯಲ್ಲಿ ಅದೇ ಕಾಗದ ಹಿಡಿದು ಕೇಳಬಹುದು. ಮೊದಲ ಸಭೆಯ ಜನಜಂಗುಳಿಗಿಂತ ಎರಡನೆಯ ಸಭೆಗೆ ಮತ್ತೆ ಬಂದವರ ಮಾತಿಗೆ ತೂಕ ಹೆಚ್ಚು.

ಒಂದು ಎಚ್ಚರಿಕೆ. ಅಪರಾಧ ನಡೆದಿದ್ದರೆ ನಾಲ್ಕನೇ ಶನಿವಾರಕ್ಕೆ ಕಾಯಬಾರದು. ತುರ್ತಿಗೆ 112. ಜನಸಂಪರ್ಕ ಸಭೆಯ ಅರ್ಜಿ ಎಫ್‌ಐಆರ್‌ಗೆ ಬದಲಿ ಅಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಸಂಜ್ಞೇಯ ಅಪರಾಧದ ಮಾಹಿತಿಯನ್ನು, ಅದು ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ, ಯಾವ ಠಾಣೆಯಲ್ಲಾದರೂ ಕೊಡಬಹುದು. ಇ-ಮೇಲ್‌ನಂಥ ವಿದ್ಯುನ್ಮಾನ ಮಾರ್ಗದಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ದಾಖಲಾದ ಎಫ್‌ಐಆರ್ ಪ್ರತಿ ಉಚಿತ. ಠಾಣೆಯವರು ದಾಖಲಿಸಲು ನಿರಾಕರಿಸಿದರೆ ಮಾಹಿತಿಯನ್ನು ಬರವಣಿಗೆಯಲ್ಲಿ ಅಂಚೆ ಮೂಲಕ ಎಸ್‌ಪಿಗೆ, ನಗರದಲ್ಲಾದರೆ ಡಿಸಿಪಿಗೆ, ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಹೋಗಬಹುದು.

ಉಳಿದ ಬಾಗಿಲುಗಳು

ಎಲ್ಲರೂ ಸಭೆಗೆ ಬರುವವರಲ್ಲ. ಮಕ್ಕಳಿಗಾಗಿ 'ತೆರೆದ ಮನೆ' ಕಾರ್ಯಕ್ರಮವಿದೆ. ಶಾಲಾ ಮಕ್ಕಳನ್ನು ಠಾಣೆಗೆ ಕರೆತಂದು ಸೆಂಟ್ರಿ ನಿಲ್ಲುವ ಜಾಗ, ವೈರ್‌ಲೆಸ್, ಲಾಕಪ್, ಠಾಣಾ ಬರಹಗಾರರ ಮೇಜು ಎಲ್ಲವನ್ನೂ ತೋರಿಸುತ್ತಾರೆ. ಮಕ್ಕಳ ಮೊದಲ ಪ್ರಶ್ನೆ ಬಂದೂಕಿನ ಬಗ್ಗೆಯೇ ಇರುತ್ತದೆ. ಆಮೇಲೆ ನಿಧಾನವಾಗಿ ಪೋಕ್ಸೊ, ಬಾಲ್ಯವಿವಾಹ, 1098 ಮಕ್ಕಳ ಸಹಾಯವಾಣಿಯ ಮಾತು ಬರುತ್ತದೆ. ಹಿರಿಯ ನಾಗರಿಕರಿಗೆ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಲ್ಲಿ ಆರಂಭಿಸಿದ 1090 ಸಹಾಯವಾಣಿ ಇದೆ. ಮಕ್ಕಳು ಆಸ್ತಿ ಬರೆಸಿಕೊಂಡು ಹೊರಗಟ್ಟಿದ ಪ್ರಕರಣಗಳಲ್ಲಿ ಠಾಣೆಗಿಂತ ಮೊದಲು ಆಪ್ತ ಸಮಾಲೋಚನೆ ಸಿಗುವುದು ಅಲ್ಲಿ. ಕಮಿಷನರ್ ಕಚೇರಿ ಆವರಣದ ವನಿತಾ ಸಹಾಯವಾಣಿ ಕೌಟುಂಬಿಕ ಕಲಹಗಳಲ್ಲಿ ಇದೇ ಬಗೆಯ ಕೆಲಸ ಮಾಡುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರ ಕುಂದುಕೊರತೆ ಕೇಳಲು ಠಾಣೆಗಳಲ್ಲಿ ಪ್ರತ್ಯೇಕ ಸಭೆ ನಡೆಸಬೇಕು. ಗಣೇಶ ಚತುರ್ಥಿ, ಈದ್ ಹತ್ತಿರ ಬಂದಾಗ ಶಾಂತಿ ಸಭೆ ಕರೆದು ಮೆರವಣಿಗೆಯ ದಾರಿ, ಹೊತ್ತು, ಧ್ವನಿವರ್ಧಕ ಎಲ್ಲವನ್ನೂ ಮೊದಲೇ ಮಾತನಾಡಿಕೊಳ್ಳುತ್ತಾರೆ.

ವಿಭಾಗಗಳು ತಾವಾಗಿಯೇ ಹೊಸದನ್ನು ಮಾಡುವುದೂ ಉಂಟು. ಆಗ್ನೇಯ ವಿಭಾಗದಲ್ಲಿ ಡಿಸಿಪಿ ಆಗಿದ್ದ ಇಶಾ ಪಂತ್ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಕಲಿಸಲು 'ರಾಣಿ ಚೆನ್ನಮ್ಮ ಪಡೆ' ಕಟ್ಟಿದರು. ಅದೇ ವಿಭಾಗದಲ್ಲಿ ಸಿ.ಕೆ. ಬಾಬಾ ಡಿಸಿಪಿ ಆಗಿದ್ದಾಗ 'ಲೋಕಸ್ಪಂದನ' ಬಂತು. ಠಾಣೆಗೆ ಹೋಗಿಬಂದವರು ಗೋಡೆಯ ಮೇಲಿನ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ, ತಮ್ಮನ್ನು ಹೇಗೆ ನಡೆಸಿಕೊಂಡರು ಎಂದು ಅಂಕ ಕೊಟ್ಟು ಅಭಿಪ್ರಾಯ ಬರೆಯುವ ಏರ್ಪಾಡು ಅದು. ಬಳಿಕ ನಗರದ ಉಳಿದೆಡೆಗೂ ಹರಡಿತು.

ಸಮುದಾಯ ಪೊಲೀಸಿಂಗ್ ಬೆಂಗಳೂರಿನಲ್ಲೇ ಹುಟ್ಟಿದ್ದಲ್ಲ. ತಮಿಳುನಾಡಿನ ರಾಮನಾಥಪುರದಲ್ಲಿ 1993ರಲ್ಲಿ 'ಫ್ರೆಂಡ್ಸ್ ಆಫ್ ಪೊಲೀಸ್' ಆರಂಭವಾಯಿತು. ಕೇರಳ 2008ರಲ್ಲಿ 'ಜನಮೈತ್ರಿ ಸುರಕ್ಷಾ' ಯೋಜನೆ ತಂದಿತು. ಬೆಂಗಳೂರಿನಲ್ಲಿ 2013ರಲ್ಲಿ ಜನಾಗ್ರಹ ಸಂಸ್ಥೆಯ ಜತೆಗೂಡಿ 'ಏರಿಯಾ ಸುರಕ್ಷಾ ಮಿತ್ರ' ಎಂಬ ಸ್ವಯಂಸೇವಕರ ಪ್ರಯೋಗ ನಡೆಯಿತು. ಈ ಎಲ್ಲ ಯೋಜನೆಗಳ ಅನುಭವ ಒಂದೇ ಮಾತು ಹೇಳುತ್ತದೆ: ಯೋಜನೆ ತಂದ ಅಧಿಕಾರಿ ಇರುವಷ್ಟು ಕಾಲ ಅದು ಚುರುಕು, ಅವರು ವರ್ಗವಾದ ಮೇಲೆ ಅದನ್ನು ಎತ್ತಿ ಹಿಡಿಯುವುದು ಕೆಳಗಿನ ಸಿಬ್ಬಂದಿ. ಅವರಿಗೆ ಅದರಿಂದ ಏನು ಸಿಗುತ್ತದೆ ಎಂಬ ಪ್ರಶ್ನೆ ಬರುವುದು ಇಲ್ಲೇ.

ಬೆನ್ನು ತಟ್ಟುವ ಮೆಟ್ಟಿಲುಗಳು

ಪೊಲೀಸ್ ಸಿಬ್ಬಂದಿಗೆ ಸಿಗುವ ಗೌರವದ ಮೊದಲ ಮೆಟ್ಟಿಲು ಜಿಎಸ್‌ಇ, ಅಂದರೆ ಸೇವಾ ಪುಸ್ತಕದಲ್ಲಿ ಉತ್ತಮ ಸೇವೆ ಎಂದು ಬರೆಯುವ ನಮೂದು. ಅದರ ಜತೆ ಅಥವಾ ಬದಲಿಗೆ ನಗದು ಬಹುಮಾನ, ಪ್ರಶಂಸನಾ ಪತ್ರ. ಹೊರಗಿನವರಿಗೆ ಸಣ್ಣದೆನಿಸಬಹುದು. ಆದರೆ ಠಾಣೆಯಲ್ಲಿ ಮೂವತ್ತು ವರ್ಷ ದುಡಿದ ಹೆಡ್ ಕಾನ್‌ಸ್ಟೆಬಲ್‌ಗೆ ತಮಗೆ ಎಷ್ಟು ಜಿಎಸ್‌ಇ ಬಂದಿದೆ ಎಂಬುದು ನಾಲಿಗೆ ತುದಿಯಲ್ಲಿರುತ್ತದೆ. ದೊಡ್ಡ ಪದಕಗಳಿಗೆ ಹೆಸರು ಕಳಿಸುವಾಗ ಮೊದಲು ತೆರೆಯುವುದು ಈ ಪುಸ್ತಕವನ್ನೇ. ಬಹುಮಾನಗಳ ಪುಟ ತುಂಬಿದ್ದು ಶಿಕ್ಷೆಗಳ ಪುಟ ಖಾಲಿ ಇರಬೇಕು. ಇಲಾಖಾ ವಿಚಾರಣೆ ಬಾಕಿ ಇದ್ದವರ ಹೆಸರು ಮುಂದಕ್ಕೆ ಹೋಗುವುದು ಕಷ್ಟ.

ಇದರ ಮೇಲೆ ರಾಜ್ಯಮಟ್ಟದಲ್ಲಿ ಡಿಜಿ ಮತ್ತು ಐಜಿಪಿ ಅವರ ಪ್ರಶಂಸಾ ಡಿಸ್ಕ್, ಅದರ ಮೇಲೆ ಮುಖ್ಯಮಂತ್ರಿ ಪದಕ. ಮುಖ್ಯಮಂತ್ರಿ ಪದಕ ಕೊಡುವುದು ಪೊಲೀಸ್ ಧ್ವಜ ದಿನಾಚರಣೆಯಂದು, ಏಪ್ರಿಲ್ 2ರಂದು, ಕೋರಮಂಗಲದ ಕೆಎಸ್‌ಆರ್‌ಪಿ ಕವಾಯತು ಮೈದಾನದಲ್ಲಿ. ಕರ್ನಾಟಕ ಪೊಲೀಸ್ ಕಾಯ್ದೆ ಜಾರಿಗೆ ಬಂದದ್ದು 1965ರ ಏಪ್ರಿಲ್ 2ರಂದು, ಆ ನೆನಪಿಗೆ ಈ ದಿನ. ಅಂದು ಮಾರುವ ಪುಟ್ಟ ಧ್ವಜಗಳ ಹಣ ಸೇವೆಯಲ್ಲಿರುವ ಹಾಗೂ ನಿವೃತ್ತ ಪೊಲೀಸರ ಕ್ಷೇಮಾಭಿವೃದ್ಧಿಗೆ ಹೋಗುತ್ತದೆ. ಜಿಲ್ಲೆಗಳಲ್ಲಿ ಈ ದಿನದ ಮುಖ್ಯ ಅತಿಥಿಯಾಗಿ ನಿವೃತ್ತ ಪಿಎಸ್‌ಐ ಅಥವಾ ಎಎಸ್‌ಐ ಒಬ್ಬರನ್ನು ಕರೆಯುವ ಒಳ್ಳೆಯ ವಾಡಿಕೆ ಇದೆ. ತಾವು ಸೆಲ್ಯೂಟ್ ಹೊಡೆಯುತ್ತ ಬಂದ ಮೈದಾನದಲ್ಲಿ ಅಂದು ಅವರೇ ಗೌರವ ವಂದನೆ ಸ್ವೀಕರಿಸುತ್ತಾರೆ, ಎಸ್‌ಪಿ ಪಕ್ಕದಲ್ಲಿ ನಿಂತಿರುತ್ತಾರೆ.

ಕೇಂದ್ರದ ಪದಕಗಳು ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಪ್ರಕಟವಾಗುತ್ತವೆ. ಪೊಲೀಸ್, ಅಗ್ನಿಶಾಮಕ, ಗೃಹರಕ್ಷಕ, ಕಾರಾಗೃಹ ಸೇವೆಗಳಿಗೆ ಹಿಂದೆ ಇದ್ದ 16 ಪದಕಗಳನ್ನು ಸೇರಿಸಿ ಈಗ ನಾಲ್ಕು ಮಾಡಲಾಗಿದೆ: ರಾಷ್ಟ್ರಪತಿಗಳ ಶೌರ್ಯ ಪದಕ, ಶೌರ್ಯ ಪದಕ, ರಾಷ್ಟ್ರಪತಿಗಳ ವಿಶಿಷ್ಟ ಸೇವಾ ಪದಕ, ಶ್ಲಾಘನೀಯ ಸೇವಾ ಪದಕ. ಇವಲ್ಲದೆ ವಿಶೇಷ ಕಾರ್ಯಾಚರಣೆ, ತನಿಖೆ, ಗುಪ್ತಚರ, ವಿಧಿವಿಜ್ಞಾನ ಈ ನಾಲ್ಕು ಕ್ಷೇತ್ರಗಳಿಗೆ 2024ರಲ್ಲಿ 'ಕೇಂದ್ರೀಯ ಗೃಹಮಂತ್ರಿ ದಕ್ಷತಾ ಪದಕ' ಸ್ಥಾಪನೆಯಾಗಿದೆ. ಸರ್ದಾರ್ ಪಟೇಲರ ಜನ್ಮದಿನವಾದ ಅಕ್ಟೋಬರ್ 31ರಂದು ಇದರ ಪಟ್ಟಿ ಬರುತ್ತದೆ. ಕೇಂದ್ರದ ಯಾವ ಪದಕವೇ ಆಗಲಿ, ಹೆಸರು ಹೊರಡುವುದು ವಿಭಾಗದಿಂದ. ಎಸಿಪಿ, ಡಿಸಿಪಿ, ಕಮಿಷನರ್, ಡಿಜಿ ಕಚೇರಿ, ಒಳಾಡಳಿತ ಇಲಾಖೆ ದಾಟಿ ಅದು ದೆಹಲಿಗೆ ಹೋಗಬೇಕು. ಠಾಣೆಯಲ್ಲಿ ಬರೆಯದ ಕೆಲಸ ದೆಹಲಿಯಲ್ಲಿ ಕಾಣುವುದಿಲ್ಲ.

ಪ್ರಾಣ ತೆತ್ತವರನ್ನು ನೆನೆಯುವ ದಿನ ಅಕ್ಟೋಬರ್ 21. 1959ರಲ್ಲಿ ಅಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಪಡೆಯ ದಾಳಿಗೆ 10 ಮಂದಿ ಪೊಲೀಸರು ಬಲಿಯಾದರು. ಬೆಂಗಳೂರಿನಲ್ಲಿ ಮೈಸೂರು ರಸ್ತೆಯ ಸಿಎಆರ್ ಮೈದಾನದ ಸ್ಮಾರಕದ ಮುಂದೆ, ಆ ವರ್ಷ ದೇಶದಲ್ಲಿ ಕರ್ತವ್ಯದಲ್ಲಿ ಮಡಿದ ಪೊಲೀಸರ ಹೆಸರುಗಳನ್ನು ಓದುತ್ತಾರೆ.

ಗೌರವ ಪದಕದಲ್ಲಷ್ಟೇ ಇರುವುದಿಲ್ಲ. ಅಗಲ ಅಂಚಿನ ಸ್ಲೌಚ್ ಹ್ಯಾಟ್ ಬಿಸಿಲಲ್ಲಿ ಭಾರ, ಓಡುವಾಗ ಬೀಳುತ್ತದೆ, ಮಳೆಯಲ್ಲಿ ನೆನೆಯುತ್ತದೆ ಎಂದು ಕಾನ್‌ಸ್ಟೆಬಲ್‌ಗಳು ವರ್ಷಾನುಗಟ್ಟಲೆ ಗೊಣಗುತ್ತಿದ್ದರು. 2025ರ ಅಕ್ಟೋಬರ್ 28ರಂದು ಅದರ ಜಾಗಕ್ಕೆ ನೀಲಿ ಪೀಕ್ ಕ್ಯಾಪ್ ಬಂತು. ಅಧಿಕಾರಿಗಳ ಟೋಪಿಗೂ ಕಾನ್‌ಸ್ಟೆಬಲ್ ಟೋಪಿಗೂ ಇದ್ದ ಅಂತರ ಕಡಿಮೆಯಾದದ್ದನ್ನು ಹಲವರು ಬಹುಮಾನಕ್ಕಿಂತ ಹೆಚ್ಚೆಂದು ಕಂಡರು.

ಯಾವ ಕೆಲಸ ಲೆಕ್ಕಕ್ಕೆ ಬರುತ್ತದೆ?

ಬಹುಮಾನಕ್ಕೆ ವರದಿ ಬರೆಯುವುದು ಸುಲಭವಾಗುವುದು ಪತ್ತೆ ಕೆಲಸದಲ್ಲಿ. ಇಷ್ಟು ಗ್ರಾಂ ಚಿನ್ನ ವಶ, ಇಷ್ಟು ದ್ವಿಚಕ್ರ ವಾಹನ, ಇಂತಿಷ್ಟು ಆರೋಪಿಗಳ ಬಂಧನ ಎಂದು ಅಂಕಿಯಲ್ಲಿ ಹೇಳಬಹುದು. ಪತ್ತೆಯಾದ ಮಾಲನ್ನು ಮೇಜಿನ ಮೇಲೆ ಜೋಡಿಸಿ ವಾರಸುದಾರರಿಗೆ ಒಪ್ಪಿಸುವ ಸಮಾರಂಭದ ಫೋಟೊ ಪತ್ರಿಕೆಯಲ್ಲೂ ಬರುತ್ತದೆ. ತಂಡದಲ್ಲಿದ್ದವರಿಗೆ ಅಂದೇ ಬಹುಮಾನ ಘೋಷಣೆ. ಕಳೆದುಹೋದ ತಾಳಿ ಮರಳಿ ಕೈಗೆ ಬಂದಾಗ ಕಣ್ಣೊರೆಸಿಕೊಳ್ಳುವ ಮನೆಯಾಕೆಯನ್ನು ನೋಡಿದರೆ ಆ ಬಹುಮಾನ ಹೆಚ್ಚಾಯಿತು ಎಂದು ಯಾರೂ ಹೇಳಲಾರರು.

ಆದರೆ ಬೀಟಿನ ಕೆಲಸದ ಫಲ ಹೀಗೆ ಮೇಜಿನ ಮೇಲೆ ಜೋಡಿಸಲು ಸಿಗುವುದಿಲ್ಲ. ಆಗದ ಕಳ್ಳತನಕ್ಕೆ ಎಫ್‌ಐಆರ್ ಇಲ್ಲ. ವಾರಕ್ಕೊಮ್ಮೆ ಒಂಟಿ ವೃದ್ಧ ದಂಪತಿಯ ಮನೆ ಬೆಲ್ ಒತ್ತಿ 'ಹೇಗಿದ್ದೀರಿ ಅಜ್ಜಿ, ಮಾತ್ರೆ ತಗೊಂಡ್ರಾ' ಎಂದು ಕೇಳಿ ಹೋಗುವ ಮಹಿಳಾ ಕಾನ್‌ಸ್ಟೆಬಲ್, ಎರಡು ಬೀದಿಯ ಹುಡುಗರ ಗಣೇಶನ ಚಂದಾ ಜಗಳವನ್ನು ಟೀ ಅಂಗಡಿಯಲ್ಲೇ ಮಾತಾಡಿ ಮುಗಿಸಿದ ಹೆಡ್ ಕಾನ್‌ಸ್ಟೆಬಲ್, 'ಡಿಜಿಟಲ್ ಅರೆಸ್ಟ್' ಕರೆಗೆ ಹೆದರಿ ಬ್ಯಾಂಕಿಗೆ ಹೊರಟಿದ್ದ ನಿವೃತ್ತ ಮೇಷ್ಟ್ರನ್ನು ತಡೆದ ಬೀಟ್ ಸಿಬ್ಬಂದಿ, ಇವರ ಕೆಲಸಕ್ಕೆ ಕ್ರೈಂ ನಂಬರ್ ಬೀಳುವುದಿಲ್ಲ. ತಿಂಗಳ ಅಪರಾಧ ವಿಮರ್ಶಾ ಸಭೆಯಲ್ಲಿ ಕೇಳುವುದು ಬಾಕಿ ಪ್ರಕರಣ ಎಷ್ಟು, ಪತ್ತೆ ಎಷ್ಟು ಎಂದೇ. ಹೀಗಾಗಿ ಚುರುಕಾದ ಕಾನ್‌ಸ್ಟೆಬಲ್‌ಗಳು ಕ್ರೈಂ ತಂಡಕ್ಕೆ ಹೋಗಲು ಬಯಸುತ್ತಾರೆ, ಬೀಟ್ ಉಳಿದವರ ಪಾಲಾಗುತ್ತದೆ.

ಈ ಕೊರತೆಯನ್ನು ವಿಭಾಗದ ಮಟ್ಟದಲ್ಲೇ ಸರಿಪಡಿಸಲು ಸಾಧ್ಯ. ಇದಕ್ಕೆ ಹೊಸ ಕಾನೂನು ಬೇಡ. ಜಿಎಸ್‌ಇ ಬರೆಯುವ ಅಧಿಕಾರ ಡಿಸಿಪಿಗೆ ಇದ್ದೇ ಇದೆ. ಲೋಕಸ್ಪಂದನದ ಅಂಕಗಳು, ಜನಸಂಪರ್ಕ ಸಭೆಯಲ್ಲಿ ಬಂದ ಅರ್ಜಿಗಳಲ್ಲಿ ಎಷ್ಟಕ್ಕೆ ಅರ್ಜಿದಾರರು ತೃಪ್ತರಾದರು ಎಂಬ ಲೆಕ್ಕ, ನಿವಾಸಿಗಳ ಪತ್ರ, ಇವನ್ನು ಪತ್ತೆಯ ಅಂಕಿಯ ಪಕ್ಕದಲ್ಲಿಟ್ಟು ತಿಂಗಳಿಗೊಮ್ಮೆ ಬೀಟ್ ಸಿಬ್ಬಂದಿಯನ್ನು ಗುರುತಿಸಬಹುದು. ಸನ್ಮಾನವನ್ನು ಅದೇ ಜನಸಂಪರ್ಕ ಸಭೆಯಲ್ಲಿ, ಅದೇ ಬೀದಿಯವರ ಎದುರು ಮಾಡಿದರೆ ಇನ್ನೂ ಒಳ್ಳೆಯದು.

ಮೆಚ್ಚುಗೆ ಪತ್ರ ಬರೆಯುವುದು ಹೇಗೆ?

ನಮ್ಮಲ್ಲಿ ಪೊಲೀಸರನ್ನು ಮೆಚ್ಚಿದರೆ ಬಡಾವಣೆ ಸಂಘದವರು ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಹಿಡಿದು ಹೊರಡುತ್ತಾರೆ. ಸರ್ಕಾರಿ ನೌಕರರು ತಮ್ಮ ಗೌರವಾರ್ಥ ನಡೆಯುವ ಸಭೆ, ಬಿನ್ನವತ್ತಳೆ, ಉಡುಗೊರೆಗಳನ್ನು ಒಪ್ಪುವುದಕ್ಕೆ ನಡತೆ ನಿಯಮಗಳ ಕಟ್ಟುಪಾಡು ಇದೆ. ಬೆಲೆಬಾಳುವ ಉಡುಗೊರೆ ಕೊಟ್ಟರೆ ಉಪಕಾರ ಮಾಡಿದವರನ್ನೇ ಸಿಕ್ಕಿಸಿದಂತೆ. ಶಾಲಿನ ಫೋಟೊ ವಾಟ್ಸ್ಆ್ಯಪ್ ಗುಂಪಿನಲ್ಲಿ ಎರಡು ದಿನ ಓಡಾಡುತ್ತದೆ, ಸೇವಾ ಪುಸ್ತಕಕ್ಕೆ ಅದು ಹೋಗುವುದಿಲ್ಲ. ಅಲ್ಲಿಗೆ ಹೋಗುವುದು ಕಾಗದ.

ಪತ್ರವನ್ನು ಡಿಸಿಪಿ ಅವರಿಗೆ ಬರೆದು, ಪ್ರತಿಯನ್ನು ಠಾಣೆಯ ಇನ್‌ಸ್ಪೆಕ್ಟರ್‌ಗೆ ಕೊಡಿ. ಸಿಬ್ಬಂದಿಯ ಹೆಸರು, ಹುದ್ದೆ, ಗೊತ್ತಿದ್ದರೆ ಅವರ ಪಿಸಿ ಅಥವಾ ಎಚ್‌ಸಿ ಸಂಖ್ಯೆ ಬರೆಯಿರಿ. ಎಲ್ಲಿ, ಯಾವ ದಿನ, ಎಷ್ಟು ಹೊತ್ತಿಗೆ, ಏನು ಮಾಡಿದರು, ಅದರಿಂದ ಏನಾಯಿತು ಎಂಬುದನ್ನು ನಾಲ್ಕು ಸಾಲಿನಲ್ಲಿ ಹೇಳಿ. 'ಪ್ರಾಮಾಣಿಕರು, ದಕ್ಷರು, ಕರ್ತವ್ಯನಿಷ್ಠರು' ಎಂಬ ವಿಶೇಷಣಗಳ ಮಾಲೆ ಬೇಡ, ಅದರಿಂದ ಯಾರೂ ಜಿಎಸ್‌ಇ ಬರೆಯಲಾರರು. ಹೀಗಿದ್ದರೆ ಸಾಕು:

'ಕಳೆದ ಮಂಗಳವಾರ ರಾತ್ರಿ ಹತ್ತೂವರೆಗೆ ನಮ್ಮ ಎದುರುಮನೆಯ 78 ವರ್ಷದ ತಾಯಿ ದಾರಿ ತಪ್ಪಿ ಹೋಗಿದ್ದರು. 112ಕ್ಕೆ ಕರೆ ಮಾಡಿದ ಸ್ವಲ್ಪ ಹೊತ್ತಿಗೆ ಹೊಯ್ಸಳ ಗಸ್ತು ವಾಹನ ಬಂತು. ನಮ್ಮ ಬೀಟಿನ ಹೆಡ್ ಕಾನ್‌ಸ್ಟೆಬಲ್ ಅವರು ಡ್ಯೂಟಿ ಮುಗಿದಿದ್ದರೂ ಬಂದು, ಬಸ್ ನಿಲ್ದಾಣದ ಅಂಗಡಿಗಳ ಸಿಸಿಟಿವಿ ನೋಡಿಸಿ, ಎರಡು ಗಂಟೆಯೊಳಗೆ ತಾಯಿಯನ್ನು ಹುಡುಕಿ ಮನೆ ಸೇರಿಸಿದರು. ಅವರ ಈ ಕೆಲಸವನ್ನು ಸೇವಾ ದಾಖಲೆಯಲ್ಲಿ ನಮೂದಿಸಬೇಕೆಂದು ಕೋರುತ್ತೇವೆ.'

ಕೊನೆಯ ಸಾಲು ಮುಖ್ಯ. ನಾಲ್ಕಾರು ಮನೆಯವರ ಸಹಿ, ಫೋನ್ ಸಂಖ್ಯೆ ಇರಲಿ. ವಿಚಾರಿಸಿದರೆ ನಿಜ ಎಂದು ಹೇಳುವವರು ಬೇಕು. ಇದಕ್ಕೂ ಸ್ವೀಕೃತಿ ಪಡೆಯಿರಿ. ಠಾಣೆಗೆ ಹೋದಾಗ ಲೋಕಸ್ಪಂದನದ ಕ್ಯೂಆರ್ ಕೋಡ್ ಕಂಡರೆ ಅಲ್ಲೂ ಎರಡು ಮಾತು ಬರೆಯಿರಿ. ಕಾಯಿಸಿದ್ದರೆ ಕಾಯಿಸಿದರು ಎಂದೇ ಬರೆಯಿರಿ.

ಮೆಚ್ಚುಗೆಯಷ್ಟೇ ದೂರಿಗೂ ದಾರಿ ಇದೆ. ಸಿಬ್ಬಂದಿಯ ಮೇಲಿನ ದೂರನ್ನು ಎಸಿಪಿ, ಡಿಸಿಪಿ, ಕಮಿಷನರ್ ಬಳಿಗೆ ಒಯ್ಯಬಹುದು. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದ ಮೇರೆಗೆ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಕರ್ನಾಟಕದಲ್ಲಿ ಪೊಲೀಸ್ ದೂರು ಪ್ರಾಧಿಕಾರವನ್ನೂ ಸ್ಥಾಪಿಸಲಾಗಿದೆ. ಕಸ್ಟಡಿಯಲ್ಲಿ ಸಾವು, ಗಂಭೀರ ಗಾಯ, ಅತ್ಯಾಚಾರದಂಥ ದುರ್ವರ್ತನೆಯ ದೂರುಗಳು ಅಲ್ಲಿಗೆ ಹೋಗುತ್ತವೆ. ಒಳ್ಳೆಯವರನ್ನು ಹೆಸರಿಸಿ ಹೊಗಳುವ ಬಡಾವಣೆಯ ದೂರಿಗೆ ಠಾಣೆಯಲ್ಲಿ ಬೆಲೆ ಹೆಚ್ಚು. ಬರೀ ಬೈಯುವವರಲ್ಲ ಎಂಬುದು ಅಧಿಕಾರಿಗಳಿಗೆ ಗೊತ್ತಿರುತ್ತದೆ.

ಈ ತಿಂಗಳು ಮಾಡಬಹುದಾದದ್ದು

ನಿಮ್ಮ ಠಾಣೆಯ ಸ್ಥಿರ ದೂರವಾಣಿ ಸಂಖ್ಯೆಯನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಬೀಟ್ ಸಿಬ್ಬಂದಿ ಯಾರೆಂದು ಠಾಣೆಗೆ ಫೋನ್ ಮಾಡಿ ಕೇಳಿ, ಹೆಸರನ್ನು ಅಪಾರ್ಟ್‌ಮೆಂಟಿನ ಅಥವಾ ಸಂಘದ ಸೂಚನಾ ಫಲಕದಲ್ಲಿ ಬರೆದು ಹಾಕಿ. ಅವರು ಬದಲಾದರೆ ಹೊಸಬರ ಹೆಸರು ಹಾಕಿ. ಹಬ್ಬಕ್ಕೆ ಊರಿಗೆ ಹೊರಡುವ ಮುನ್ನ ಮನೆಗೆ ಬೀಗ ಹಾಕುತ್ತಿರುವುದನ್ನು ಅವರಿಗೆ ತಿಳಿಸಿ. ನಾಲ್ಕನೇ ಶನಿವಾರ ನಿಮ್ಮ ವಿಭಾಗದ ಸಭೆ ಎಲ್ಲಿ ಎಂದು ಎರಡು ದಿನ ಮುಂಚೆ ವಿಚಾರಿಸಿ. ಸಭೆಗೆ ಹೋಗುವಾಗ ಎರಡು ಕಾಗದ ಇರಲಿ: ಒಂದು ಆಗಬೇಕಾದ ಕೆಲಸದ ಅರ್ಜಿ, ಇನ್ನೊಂದು ಆದ ಕೆಲಸದ ಮೆಚ್ಚುಗೆ. ಮೊದಲನೆಯ ಬಗೆಯ ಕಾಗದ ಡಿಸಿಪಿ ಮೇಜಿಗೆ ದಿನವೂ ರಾಶಿ ಬರುತ್ತದೆ. ಎರಡನೆಯದು ಬರುವುದು ಕಡಿಮೆ, ಹಾಗಾಗಿ ಅದನ್ನು ಅವರು ಕೊನೆಯವರೆಗೂ ಓದುವ ಸಂಭವ ಹೆಚ್ಚು.